ಕಿವಿ ಬೇಡುವ ಎಂಜಿನ್

ಕೇಳುಗರಿಗೆ ನಮಸ್ಕಾರ.

ಮಾದರಿ ವಿಮಾನದ ಸಣ್ಣ ಎಂಜಿನ್ನಿಗೆ ಎರಡು ದನಿಗಳಿವೆ. ಇಂಧನ ಹೆಚ್ಚಾಗಿ ಹೋಗುತ್ತಿದ್ದರೆ ಅದು ಒಂದು ಸುತ್ತು ಬಿಟ್ಟು ಒಂದು ಸುತ್ತು ಉರಿಯುತ್ತದೆ, ಗೊರಗೊರ ಎನ್ನುತ್ತದೆ. ಇಂಧನದ ಹರಿವನ್ನು ಹೊಂದಿಸುವ ತಿರುಪಾದ ನೀಡಲ್ ವಾಲ್ವನ್ನು ಒಂದೊಂದೇ ಹಲ್ಲು ಬಿಗಿ ಮಾಡುತ್ತ ಬನ್ನಿ. ಪ್ರತಿ ಸುತ್ತಿಗೂ ಉರಿಯತೊಡಗಿದ ಕೂಡಲೇ ಆ ಗೊರಗೊರ ಹೋಗಿ ಏಕನಾದದ ಚೂಪು ದನಿ ಬರುತ್ತದೆ. ಈ ಎರಡರ ನಡುವಿನ ಗಡಿ ಹಿಡಿಯಬಲ್ಲ ಕಿವಿ ಇದ್ದವರಿಗೆ ಎಂಜಿನ್ ಒಲಿಯುತ್ತಿತ್ತು. ಇಲ್ಲದವರು ಇಡೀ ಭಾನುವಾರ ಪ್ರೊಪೆಲ್ಲರ್ ತಿರುಗಿಸಿ ಬೆರಳು ನೋಯಿಸಿಕೊಂಡು ಮನೆಗೆ ಮರಳುತ್ತಿದ್ದರು. ಇಂದು ಮೈದಾನಗಳಲ್ಲಿ ಈ ದನಿ ಅಪರೂಪವಾಗಿದೆ. ಅದು ಹೇಗಾಯಿತು, ಅಟ್ಟದ ಮೇಲೆ ಉಳಿದಿರುವ ಒಂದು ಎಂಜಿನ್ನಿಗೆ ಇಂದು ಏನು ಮಾಡಬಹುದು ಎಂಬುದು ಈ ಹೊತ್ತಿನ ವಿಷಯ.

ಅಮೆರಿಕದವರು ಇವನ್ನು ಗ್ಯಾಸ್ ಎಂಜಿನ್ ಎಂದರು. ಅಲ್ಲಿ ಗ್ಯಾಸ್ ಎಂದರೆ ಪೆಟ್ರೋಲ್. 1934ರಲ್ಲಿ ಮಾರುಕಟ್ಟೆಗೆ ಬಂದ ಬ್ರೌನ್ ಜೂನಿಯರ್ ನಿಜಕ್ಕೂ ಪೆಟ್ರೋಲ್ ಕುಡಿಯುತ್ತಿತ್ತು. ಹತ್ತು ಸಿಸಿಗೆ ತುಸು ಕಡಿಮೆಯ ಆ ಎಂಜಿನ್ನಿಗೆ ಕಿಡಿ ಹಾರಿಸಲು ಕಾಯಿಲ್, ಕಂಡೆನ್ಸರ್, ಬ್ಯಾಟರಿ ಎಲ್ಲವನ್ನೂ ವಿಮಾನವೇ ಹೊರಬೇಕಿತ್ತು. 1947ರಲ್ಲಿ ರೇ ಆರ್ಡನ್ ಗ್ಲೋ ಪ್ಲಗ್ ತಂದರು. ಅದರಲ್ಲಿ ಪ್ಲಾಟಿನಂ ಮಿಶ್ರಲೋಹದ ಒಂದು ಸಣ್ಣ ಸುರುಳಿ ಇದೆ. ಶುರುವಿನಲ್ಲಿ ಒಂದೂವರೆ ವೋಲ್ಟ್ ಕೊಟ್ಟು ಅದನ್ನು ಕೆಂಪಗೆ ಕಾಯಿಸಬೇಕು. ಎಂಜಿನ್ ಹಿಡಿದ ಮೇಲೆ ತಂತಿ ತೆಗೆದರೂ ಅದು ಆರುವುದಿಲ್ಲ. ಮೆಥನಾಲ್ ಆವಿ ಪ್ಲಾಟಿನಂ ಮೈ ಸೋಕಿ ಅಲ್ಲೇ ಶಾಖ ಹುಟ್ಟಿಸುತ್ತದೆ, ಜೊತೆಗೆ ಹಿಂದಿನ ಸುತ್ತಿನ ಉರಿಯ ಬಿಸಿಯೂ ಉಳಿದಿರುತ್ತದೆ. ಕಾಯಿಲ್, ಬ್ಯಾಟರಿಗಳ ಭಾರ ಒಮ್ಮೆಗೇ ಇಳಿಯಿತು. ಹಾಗಾಗಿಯೇ 1956ರಲ್ಲಿ ಕ್ಯಾಲಿಫೋರ್ನಿಯಾದ ಕಾಕ್ಸ್ ಕಂಪನಿ ತಂದ ಬೇಬ್ ಬೀ, ಅಂದರೆ 0.049 ಘನ ಅಂಗುಲದ, 0.8 ಸಿಸಿಯ ಎಂಜಿನ್, ಅಂಗೈಯಲ್ಲಿ ಮುಚ್ಚಿಡುವಷ್ಟು ಚಿಕ್ಕದಾಗಲು ಸಾಧ್ಯವಾಯಿತು. ಇಂಧನದ ಟ್ಯಾಂಕೂ ಅದರ ಬೆನ್ನಿಗೇ ಅಂಟಿತ್ತು. ಆಟಿಕೆ ಅಂಗಡಿಯಲ್ಲಿ ಸಿಗುತ್ತಿದ್ದ ದಾರದ ವಿಮಾನಗಳಲ್ಲಿ, ಅಂದರೆ ಹಾರಿಸುವವರು ಕೈಯಲ್ಲಿ ದಾರ ಹಿಡಿದು ತಮ್ಮ ಸುತ್ತ ಸುತ್ತಿಸುವ ವಿಮಾನಗಳಲ್ಲಿ ಕೂತು ಅಮೆರಿಕದ ಮಕ್ಕಳ ಒಂದು ತಲೆಮಾರನ್ನೇ ಹಾರಾಟಕ್ಕೆ ಎಳೆದ ಎಂಜಿನ್ ಅದು.

ನಮ್ಮ ದೇಶದಲ್ಲಿ ಕೋಲ್ಕತ್ತದಲ್ಲಿ ಅರೋರಾ ಎಂಬ ಹೆಸರಿನ ಡೀಸೆಲ್ ಎಂಜಿನ್‌ಗಳು ತಯಾರಾಗುತ್ತಿದ್ದವು. ಮಾದರಿ ವಿಮಾನದ ಡೀಸೆಲ್ ಎಂದರೆ ಪ್ಲಗ್ಗೇ ಇಲ್ಲದ್ದು. ಅದರ ಇಂಧನ ಈಥರ್, ಸೀಮೆಎಣ್ಣೆ, ಹರಳೆಣ್ಣೆ, ಹೆಚ್ಚುಕಡಿಮೆ ಮೂರೂ ಸಮಪಾಲು. ತಲೆಯ ಮೇಲಿನ ತಿರುಪಿನಿಂದ ಒತ್ತಡ ಏರಿಸಿ ಇಳಿಸಿ ಉರಿಯುವ ಕ್ಷಣ ಹೊಂದಿಸಬೇಕು. ಎನ್‌ಸಿಸಿ ವಾಯುದಳದ ಎಷ್ಟೋ ಕೆಡೆಟ್‌ಗಳಿಗೆ ಎಂಜಿನ್ ವಿದ್ಯೆಯ ಮೊದಲ ಪಾಠ ಆಗಿದ್ದು ದಾರದ ವಿಮಾನದಲ್ಲೇ.

ಗ್ಲೋ ಎಂಜಿನ್ನಿನ ಇಂಧನದಲ್ಲಿ ಸುಮಾರು ಮೂರನೇ ಎರಡರಿಂದ ಮುಕ್ಕಾಲು ಪಾಲಿನವರೆಗೆ ಮೆಥನಾಲ್, ಶೇಕಡಾ 18ರಿಂದ 20 ಎಣ್ಣೆ, ಉಳಿದದ್ದು ಶಕ್ತಿ ಹೆಚ್ಚಿಸುವ ನೈಟ್ರೋಮೀಥೇನ್, ಶೇಕಡಾ 5ರಿಂದ 15ರವರೆಗೆ. ಎಣ್ಣೆಯ ಪಾಲು ಇಷ್ಟು ಏಕೆಂದರೆ ಈ ಎಂಜಿನ್ನಿಗೆ ಬೇರೆ ಎಣ್ಣೆ ಪಾತ್ರೆ ಇಲ್ಲ. ಬೇರಿಂಗ್, ಪಿಸ್ಟನ್, ಕನೆಕ್ಟಿಂಗ್ ರಾಡ್ ಎಲ್ಲಕ್ಕೂ ಇಂಧನದ ಜೊತೆ ಬರುವ ಎಣ್ಣೆಯೇ ಗತಿ. ನಮ್ಮ ಔಡಲದ ಹರಳೆಣ್ಣೆ ಇಲ್ಲಿ ನಿಜಕ್ಕೂ ಶ್ರೇಷ್ಠ. ಅದು ಮೆಥನಾಲ್‌ನಲ್ಲಿ ಚೆನ್ನಾಗಿ ಬೆರೆಯುತ್ತದೆ, ಎಂಜಿನ್ ಅತಿಯಾಗಿ ಕಾದಾಗಲೂ ಲೋಹದ ಮೈ ಬಿಡುವುದಿಲ್ಲ. ಆದರೆ ಗಾಣದಿಂದ ತಂದ ಎಣ್ಣೆಯನ್ನು ಹಾಗೆಯೇ ಸುರಿಯಬೇಡಿ. ಅದರಲ್ಲಿನ ಅಂಟು, ನೀರಿನ ಪಸೆ ಎರಡೂ ಎಂಜಿನ್ನಿಗೆ ಕೇಡು. ಅಂಟು ತೆಗೆದು ಶುದ್ಧೀಕರಿಸಿದ ಎಣ್ಣೆಯೇ ಬೇಕು.

ಇನ್ನು ಇವು ಹಿಂದೆ ಬಿದ್ದದ್ದೇಕೆ? ಎಂಜಿನ್ ಕೆಟ್ಟದ್ದೆಂಬ ಕಾರಣಕ್ಕಲ್ಲ. ಒಂದು ಕಿಲೋ ಮೆಥನಾಲ್‌ನಲ್ಲಿ ಸುಮಾರು ಐದೂವರೆ ಕಿಲೋವಾಟ್ ಗಂಟೆಯ ಶಕ್ತಿ ಇದೆ. ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ ಕಿಲೋಗೆ ಅದರ ಹತ್ತಿರದಲ್ಲೂ ಇಲ್ಲ. ಆದರೆ ಸಣ್ಣ ಎರಡು ಸ್ಟ್ರೋಕ್ ಎಂಜಿನ್ ಅದರ ಬಹುಪಾಲನ್ನು ಬಿಸಿಯಾಗಿ, ಉರಿಯದ ಹಬೆಯಾಗಿ ಹೊರಗೆ ಚೆಲ್ಲುತ್ತದೆ. ಬ್ರಷ್ ಇಲ್ಲದ ಮೋಟರ್ ಕೊಟ್ಟದ್ದರಲ್ಲಿ ಹೆಚ್ಚಿನದನ್ನು ಪ್ರೊಪೆಲ್ಲರಿಗೆ ಕೊಡುತ್ತದೆ. 2000ದ ದಶಕದಲ್ಲಿ ಈ ಮೋಟರ್, ಈ ಬ್ಯಾಟರಿ, ಅಗ್ಗದ ವೇಗ ನಿಯಂತ್ರಕ ಮೂರೂ ಒಟ್ಟಿಗೆ ಕೈಗೆಟುಕಿದವು. ಮೂರು ಸೆಲ್‌ಗಳ 2200 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿ ತೂಗುವುದು ಇನ್ನೂರು ಗ್ರಾಮಿನ ಆಸುಪಾಸು. ತಂತಿ ಸೇರಿಸಿ, ಸ್ವಿಚ್ ಒತ್ತಿ, ಹಾರಿಸಿ. ವಿಮಾನದ ಮೈಗೆ ಎಣ್ಣೆ ಮೆತ್ತುವುದಿಲ್ಲ, ನೆರೆಯವರಿಂದ ಸದ್ದಿನ ದೂರೂ ಬರುವುದಿಲ್ಲ. ಮಧ್ಯ ಆಕಾಶದಲ್ಲಿ ಎಂಜಿನ್ ನಿಂತು ವಿಮಾನ ನೆಲ ಕಚ್ಚುವ ಭಯವೂ ಬಹುಮಟ್ಟಿಗೆ ಇಲ್ಲ. ಫೋಮಿನ ರೆಡಿ ವಿಮಾನಗಳು ಬಂದ ಮೇಲಂತೂ ಹೊಸಬರು ಗ್ಲೋ ಪ್ಲಗ್ ಕಂಡೇ ಇಲ್ಲ. ಊರ ಅಂಚಿನ ಬಯಲುಗಳು ಬಡಾವಣೆಗಳಾದಂತೆ ಸದ್ದಿಗೆ ಜಾಗವೂ ಕಡಿಮೆಯಾಯಿತು.

ಇಂಧನದ ಕಟ್ಟುನಿಟ್ಟೂ ಸೇರಿತು. ನೈಟ್ರೋಮೀಥೇನ್ ಸ್ಫೋಟಕಕ್ಕೆ ಬಳಕೆಯಾಗಬಹುದೆಂದು ಯುರೋಪಿನ ಒಕ್ಕೂಟ 2021ರಿಂದ ಶೇಕಡಾ 16ಕ್ಕಿಂತ ಹೆಚ್ಚು ಪ್ರಮಾಣದ್ದನ್ನು ಜನಸಾಮಾನ್ಯರಿಗೆ ಪರವಾನಗಿಯಿಲ್ಲದೆ ಮಾರದಂತೆ ನಿಯಮ ಮಾಡಿದೆ. ನಮ್ಮಲ್ಲಿ ಮೆಥನಾಲ್ ಕಳ್ಳಭಟ್ಟಿ ದುರಂತಗಳಿಗೆ ಕಾರಣವಾದ ವಿಷ, ಅದರ ಮೇಲಿನ ನಿಯಂತ್ರಣ ನ್ಯಾಯವಾದದ್ದೇ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಬೇಕು. ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಾಣುವುದೇ ಕಷ್ಟ ಎಂಬುದೂ ನೆನಪಿರಲಿ.

ಎಂಜಿನ್ ಪೂರಾ ಮಾಯವಾಗಿಲ್ಲ. ದಾರದ ವಿಮಾನಗಳ ವಿಶ್ವ ಸ್ಪರ್ಧೆಗಳ ವೇಗದ ವಿಭಾಗದಲ್ಲಿ ಇಂದಿಗೂ ಎರಡೂವರೆ ಸಿಸಿಯ ಎಂಜಿನ್ ಗಂಟೆಗೆ 300 ಕಿಲೋಮೀಟರ್ ಆಸುಪಾಸು ಓಡುತ್ತದೆ. ಅಲ್ಲಿ ಇಂಧನಕ್ಕೆ ನೈಟ್ರೋ ಇಲ್ಲ, ಎಂಬತ್ತು ಪಾಲು ಮೆಥನಾಲ್, ಇಪ್ಪತ್ತು ಪಾಲು ಹರಳೆಣ್ಣೆ ಅಷ್ಟೇ. ದೊಡ್ಡ ವಿಮಾನಗಳಲ್ಲಿ ಕಿಡಿ ಪ್ಲಗ್ಗಿನ ಪೆಟ್ರೋಲ್ ಎಂಜಿನ್‌ಗಳು ನೆಲೆಯೂರಿವೆ. ಸೊರಗಿದ್ದು ನಡುವಿನ ಗಾತ್ರ: ಹಿಂದೆ ಪ್ರತಿ ಹೊಸಬನ ಮೊದಲ ವಿಮಾನದಲ್ಲಿ ಇರುತ್ತಿದ್ದ ಆರೂವರೆ, ಏಳೂವರೆ ಸಿಸಿಯ ಗ್ಲೋ ಎಂಜಿನ್.

ಅಂಥದೊಂದು ನಿಮ್ಮಲ್ಲಿದ್ದು, ಪ್ರೊಪೆಲ್ಲರ್ ಅಲುಗದೆ ಬಿಗಿದುಕೊಂಡಿದ್ದರೆ ಅದು ಸತ್ತಿದೆ ಎಂದುಕೊಳ್ಳಬೇಡಿ. ಹೆಚ್ಚಿನ ಸಲ ಹಳೆಯ ಹರಳೆಣ್ಣೆ ಒಣಗಿ ವಾರ್ನಿಷ್‌ನಂತೆ ಹಿಡಿದಿರುತ್ತದೆ, ಅಷ್ಟೇ. ಕಟಿಂಗ್ ಪ್ಲೇಯರ್ ಹಾಕಿ ತಿರುಚಬೇಡಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ರಂಧ್ರದಲ್ಲಿ ಮತ್ತು ಎಕ್ಸಾಸ್ಟ್ ಬಾಯಲ್ಲಿ ತೆಳು ಎಣ್ಣೆ ನಾಲ್ಕೈದು ಹನಿ ಬಿಡಿ, ಒಂದು ದಿನ ನೆನೆಯಲಿ. ನಂತರ ಕೂದಲು ಒಣಗಿಸುವ ಡ್ರೈಯರ್‌ನಿಂದ ಸಿಲಿಂಡರನ್ನು ಬಿಸಿ ಮಾಡಿ. ಕೈಗೆ ತಾಳಲಾರದಷ್ಟು ಕಾದಾಗ ಪ್ರೊಪೆಲ್ಲರನ್ನು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಸಿಲಿಂಡರ್ ಹಿಗ್ಗಿ ಪಿಸ್ಟನ್ ಬಿಡುತ್ತದೆ. ಅಂಟು ಬಹಳ ಹಳೆಯದಾಗಿದ್ದರೆ ರಬ್ಬರ್, ಪ್ಲಾಸ್ಟಿಕ್ ಭಾಗ ತೆಗೆದು ಕಾರಿನ ಕೂಲೆಂಟ್ ದ್ರವದಲ್ಲಿ ಮುಳುಗಿಸಿ, ಗಾಳಿಯಾಡುವ ಕಡೆ, ಕುದಿಸದೆ ಹದವಾದ ಬಿಸಿಯಲ್ಲಿ ಹಲವು ಗಂಟೆ ಇಡಬೇಕು. ಆ ಪಾತ್ರೆ ಇನ್ನು ಅಡುಗೆಗೆ ಬರಕೂಡದು, ಆ ದ್ರವ ವಿಷ. ಕಾಸ್ಟಿಕ್ ಸೋಡಾದ ಹತ್ತಿರ ಎಂಜಿನ್ನನ್ನು ಒಯ್ಯಲೇ ಬೇಡಿ, ಅಲ್ಯೂಮಿನಿಯಂ ಕರಗುತ್ತದೆ.

ಬಿಟ್ಟ ಮೇಲೆ ಬೇರಿಂಗ್ ದನಿ ಕೇಳಿ. ಬೆರಳಲ್ಲಿ ತಿರುಗಿಸಿದಾಗ ಮರಳು ಅರೆದಂಥ ಕರಕರ ಬಂದರೆ ಅದು ತುಕ್ಕು, ಬೇರಿಂಗ್ ಬದಲಿಸಲೇಬೇಕು. ಪ್ಲಗ್ಗಿಗೆ ಒಂದೂವರೆ ವೋಲ್ಟ್ ಕೊಟ್ಟು ನೋಡಿ, ಇಡೀ ಸುರುಳಿ ಕಿತ್ತಳೆ ಬಣ್ಣಕ್ಕೆ ಬೆಳಗಬೇಕು. ಪಿಸ್ಟನ್ ಮೇಲ್ತುದಿಯಲ್ಲಿ ಬಿಗಿಯಾಗಿ ಹಿಡಿದರೆ ಗಾಬರಿ ಬೇಡ. ಇಂಥ ಹಲವು ಎಂಜಿನ್‌ಗಳಲ್ಲಿ ಹಿತ್ತಾಳೆಗೆ ಕ್ರೋಮ್ ಲೇಪಿಸಿದ ಸಿಲಿಂಡರನ್ನು ಮೇಲಕ್ಕೆ ಹೋದಂತೆ ಕಿರಿದಾಗುವಂತೆ ಕೊರೆದಿರುತ್ತಾರೆ, ಬಿಸಿಯಾದಾಗ ಸರಿಹೋಗುತ್ತದೆ.

ಓಡಿಸುವಾಗ ಎಂಜಿನ್ನನ್ನು ಗಟ್ಟಿ ಹಲಗೆಗೆ ಬೋಲ್ಟ್ ಹಾಕಿ. ಆರೂವರೆ ಸಿಸಿಗೆ 10 ಅಂಗುಲ ವ್ಯಾಸ, 6 ಅಂಗುಲ ಪಿಚ್‌ನ ಪ್ರೊಪೆಲ್ಲರ್; ಪಿಚ್ ಎಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗಬೇಕಾದ ದೂರ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ, ಗಾಳಿ ತೆಳು, ಶಕ್ತಿ ಹತ್ತನೇ ಒಂದರಷ್ಟು ಕಡಿಮೆ. ಅಲ್ಲಿ ಪಿಚ್ 5 ಇದ್ದರೆ ಎಂಜಿನ್ನಿಗೆ ಹಗುರ, ನೀಡಲ್ಲನ್ನೂ ಮಂಗಳೂರಿನ ಮಟ್ಟಕ್ಕಿಂತ ತುಸು ಬಿಗಿ ಇಡಬೇಕು. ಶುರುವಿಗೆ ನೀಡಲ್ ಮೂರು ಸುತ್ತು ತೆರೆದಿರಲಿ. ಬೆರಳಿನ ಬದಲು ರಬ್ಬರ್ ಹಾಕಿದ ಕೋಲಿನಿಂದ ಪ್ರೊಪೆಲ್ಲರ್ ಹೊಡೆಯಿರಿ, ಯಾವಾಗಲೂ ಪ್ರೊಪೆಲ್ಲರಿನ ಹಿಂದೆ ನಿಲ್ಲಿ. ಇಂಧನ ತುಂಬಿ ಎಂಜಿನ್ ಗಡುಸಾಗಿ ನಿಂತರೆ ಸ್ಟಾರ್ಟರ್ ಹಾಕಬೇಡಿ. ದ್ರವ ಕುಗ್ಗುವುದಿಲ್ಲ, ರಾಡ್ ಬಾಗುತ್ತದೆ. ಮೊದಲು ಬ್ಯಾಟರಿ ಕಳಚಿ, ಪ್ಲಗ್ ತೆಗೆದು, ತಲೆಕೆಳಗಾಗಿ ಹಿಡಿದು ತಿರುಗಿಸಿ ದ್ರವ ಹೊರಹಾಕಿ.

ಓಡತೊಡಗಿದ ಮೇಲೆ ಕಿವಿ ಕೆಲಸಕ್ಕೆ ಬರುತ್ತದೆ. ನೀಡಲ್ ಬಿಗಿ ಮಾಡುತ್ತ ತುದಿ ವೇಗ ಹುಡುಕಿ, ಅಲ್ಲಿಂದ ನಿಮಿಷಕ್ಕೆ 300ರಿಂದ 400 ಸುತ್ತು ಇಳಿಯುವಷ್ಟು ಮತ್ತೆ ಸಡಿಲಿಸಿ. ಹಾರುವಾಗ ಟ್ಯಾಂಕ್ ಖಾಲಿಯಾದಂತೆ ಇಂಧನ ಬರುವುದು ತುಸು ಕಡಿಮೆಯಾಗುತ್ತದೆ, ಮೂಗು ಮೇಲೆತ್ತಿದಾಗ ಇನ್ನೂ ಕಡಿಮೆ. ಆ ಸಡಿಲು ಅದಕ್ಕಾಗಿ. ಪರೀಕ್ಷೆ ಸುಲಭ: ಇಂಧನದ ಕೊಳವೆಯನ್ನು ಕ್ಷಣಮಾತ್ರ ಚಿವುಟಿ. ದನಿ ಏರಿ ಮತ್ತೆ ಇಳಿದರೆ ಸರಿಯಾಗಿದೆ. ಏರದೆ ಕುಸಿದರೆ ಇಂಧನ ಸಾಲದು, ಎಂಜಿನ್ ಸುಡುತ್ತಿದೆ. ವೇಗ ತಾನಾಗಿ ಏರಿಳಿಯುತ್ತಿದ್ದರೆ ಹಿಂದಿನ ಮುಚ್ಚಳದ ಗ್ಯಾಸ್ಕೆಟ್ಟಿನಲ್ಲೋ ಕಾರ್ಬ್ಯುರೇಟರಿನ ಓ ರಿಂಗ್‌ನಲ್ಲೋ ಗಾಳಿ ನುಸುಳುತ್ತಿರಬಹುದು. ಕೊಳವೆಯಲ್ಲಿ ಸೂಜಿ ಮೊನೆಯಷ್ಟು ತೂತಿದ್ದರೂ ಅದೇ ಲಕ್ಷಣ.

ದಿನದ ಕೊನೆಗೆ ಎಂಜಿನ್ನಿನೊಳಗೆ ಇಂಧನ ಉಳಿಯಬಾರದು. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ಮಳೆಗಾಲದಲ್ಲಿ ಒಂದು ವಾರ ಸಾಕು, ಬೇರಿಂಗ್ ತುಕ್ಕು ಹಿಡಿಯಲು. ಟ್ಯಾಂಕ್ ಖಾಲಿ ಮಾಡಿ, ಕೊಳವೆ ಚಿವುಟಿ, ಉಳಿದದ್ದು ಉರಿದು ಎಂಜಿನ್ ತಾನೇ ನಿಲ್ಲಲಿ. ಕಾರ್ಬ್ಯುರೇಟರಿನಲ್ಲಿ ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆ ಮೂರು ನಾಲ್ಕು ಹನಿ ಬಿಟ್ಟು ಹತ್ತಾರು ಸುತ್ತು ಕೈಯಲ್ಲಿ ತಿರುಗಿಸಿ. ಪಿಸ್ಟನ್ ಮೇಲ್ತುದಿಯ ಬಿಗಿಯಲ್ಲಿ ಸಿಕ್ಕಿಕೊಳ್ಳದಂತೆ ಕೆಳಗಿಳಿಸಿ, ಎಕ್ಸಾಸ್ಟ್ ಬಾಯಿಗೆ ಬಟ್ಟೆ ತುರುಕಿ ಒಣಗಿದ ಜಾಗದಲ್ಲಿಡಿ.