ಕನ್ನಡಿಯ ಆತುರ, ಚರ್ಮದ ನಿಧಾನ

ಕೇಳುಗರಿಗೆ ನಮಸ್ಕಾರ.

ಮುಖದ ಚರ್ಮದ ತೊಂದರೆಗೆಂದು ಬರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವುದು ಒಂದನ್ನೇ: "ಡಾಕ್ಟರೇ, ಏನು ಹಚ್ಚಿಕೊಳ್ಳಲಿ?" ಚರ್ಮರೋಗಗಳ ವೈದ್ಯೆಯಾಗಿ ನಾನು ಮರಳಿ ಕೇಳುವುದೂ ಒಂದನ್ನೇ: "ಈಗ ಏನೇನು ಹಚ್ಚುತ್ತಿದ್ದೀರಿ?" ಆಗ ಒಂದು ಪಟ್ಟಿ ಹೊರಬರುತ್ತದೆ. ಪಟ್ಟಿ ಉದ್ದವಾದಷ್ಟೂ ಮುಖ ಕೆಂಪಗಿರುತ್ತದೆ ಎಂಬುದು ನನ್ನ ಅನುಭವ.

ಮುಖಕ್ಕೆ ಬರುವ ತೊಂದರೆಗಳಲ್ಲಿ ಬಹುಪಾಲು ಗಂಭೀರವಾದವೇನಲ್ಲ. ಆದರೆ ಒಂದನ್ನು ಇನ್ನೊಂದೆಂದು ತಿಳಿದು ಆರೈಕೆಗೆ ತೊಡಗುತ್ತೇವೆ. ವಾರದೊಳಗೆ ಫಲ ಕಾಣದಿದ್ದರೆ ಅದನ್ನು ಬಿಟ್ಟು ಮತ್ತೊಂದು ಹಿಡಿಯುತ್ತೇವೆ. ಸಣ್ಣದು ದೊಡ್ಡದಾಗುವುದು ಹೀಗೆ.

ಚರ್ಮದ ತೀರಾ ಹೊರಗಿನ ಪದರ ಮುಖದ ಮೇಲೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸು ದಪ್ಪವಿರುತ್ತದೆ, ಅಷ್ಟೇ. ಅಲ್ಲಿ ಸತ್ತ ಜೀವಕೋಶಗಳು ಇಟ್ಟಿಗೆಗಳಂತೆ ಒತ್ತೊತ್ತಾಗಿ ಕೂತಿರುತ್ತವೆ. ನಡುವೆ ಸೆರಮೈಡ್, ಕೊಲೆಸ್ಟರಾಲ್ ಮೊದಲಾದ ಕೊಬ್ಬಿನಂಶಗಳ ಗಾರೆ. ಒಳಗಿನ ನೀರು ಆವಿಯಾಗದಂತೆ, ಹೊರಗಿನ ರಾಸಾಯನಿಕಗಳು ನುಗ್ಗದಂತೆ ಕಾಯುವುದು ಈ ಗೋಡೆಯೇ. ತಳದಲ್ಲಿ ಹುಟ್ಟಿದ ಜೀವಕೋಶ ಮೇಲೇರಿ, ಸತ್ತು, ಉದುರಿಹೋಗುವುದಕ್ಕೆ ಹರೆಯದಲ್ಲಿ ಸುಮಾರು 4 ವಾರ ಬೇಕು. ವಯಸ್ಸಾದಂತೆ ಇನ್ನೂ ಹೆಚ್ಚು. ಮೂರು ದಿನದಲ್ಲಿ ಹೊಸ ಚರ್ಮ ಕೊಡುತ್ತೇನೆನ್ನುವ ಯಾವ ಜಾಹೀರಾತಿಗೂ ಈ ಲೆಕ್ಕವನ್ನು ಮೀರಲು ಸಾಧ್ಯವಿಲ್ಲ. ಮೂರು ದಿನಕ್ಕೆ ಕಾಣುವ ಹೊಳಪು ನೀರಿನಂಶದ್ದೋ ಜಿಡ್ಡಿನದ್ದೋ ಆಗಿರುತ್ತದೆ. ಕೆಲವೊಮ್ಮೆ ಉರಿಯೂತವನ್ನು ಅಡಗಿಸುವ ಸ್ಟೀರಾಯ್ಡ್ ಔಷಧಿಯದ್ದೂ ಆಗಿರಬಹುದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ. ಅದರ ಪಿಎಚ್ (7ಕ್ಕಿಂತ ಇಳಿದಷ್ಟೂ ಆಮ್ಲೀಯ, ಏರಿದಷ್ಟೂ ಕ್ಷಾರೀಯ) 5ರ ಆಸುಪಾಸು. ಸಾಮಾನ್ಯ ಸ್ನಾನದ ಸಾಬೂನಿನದು 9ರಿಂದ 10. ತೊಳೆದ ಮೇಲೆ ಕೆನ್ನೆ ಬಿಗಿದುಕೊಂಡರೆ ಮುಖ ಶುಚಿಯಾಯಿತೆಂದು ಸಂತೋಷಪಡುವವರಿದ್ದಾರೆ. ಆ ಬಿಗಿತ, ಗಾರೆಯೂ ಕೊಚ್ಚಿಹೋಗಿರುವುದರ ಸೂಚನೆ. ಜಿಡ್ಡಿನ ಮುಖದವರು ಇದನ್ನೇ ದಿನಕ್ಕೆ ಐದಾರು ಬಾರಿ ಮಾಡಿ, ಉರಿ ತರಿಸಿಕೊಂಡು, ತಮ್ಮದು ಬಹಳ ಸೂಕ್ಷ್ಮ ಚರ್ಮವೆಂದು ಹೇಳುತ್ತಾ ಬರುತ್ತಾರೆ. ಸೂಕ್ಷ್ಮ ಚರ್ಮ ಹುಟ್ಟಿನಿಂದ ಬರುವುದುಂಟು. ತೊಳೆದು ತೊಳೆದು ಬರುವುದೂ ಉಂಟು.

ನಿಮ್ಮದು ಯಾವ ಬಗೆಯ ಚರ್ಮವೆಂದು ತಿಳಿಯಬೇಕೆ? ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆದು, ಒರೆಸಿ, ಏನೂ ಹಚ್ಚದೆ ಒಂದು ಗಂಟೆ ಬಿಡಿ. ಹಣೆ, ಮೂಗು, ಗಲ್ಲ ಮಾತ್ರ ಹೊಳೆದರೆ ಮಿಶ್ರ ಚರ್ಮ, ಎಲ್ಲೆಡೆ ಹೊಳೆದರೆ ಜಿಡ್ಡಿನ ಚರ್ಮ, ಬಿಗಿದು ಹೊಟ್ಟೆದ್ದರೆ ಒಣ ಚರ್ಮ. ಈ ವಿಂಗಡಣೆಗೆ ಇದಕ್ಕಿಂತ ಹೆಚ್ಚಿನ ಮಹತ್ವ ಕೊಡಬೇಕಾಗಿಲ್ಲ. ಋತು, ವಯಸ್ಸು, ಸೇವಿಸುವ ಔಷಧಿಗಳೊಂದಿಗೆ ಅದು ಬದಲಾಗುತ್ತಲೇ ಇರುತ್ತದೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಹುಬ್ಬಿನ ನಡುವೆ, ಮೂಗಿನ ಇಕ್ಕೆಲಗಳಲ್ಲಿ, ಕಿವಿಯ ಸುತ್ತ ಹೊಟ್ಟೇಳುವುದನ್ನು ಕಂಡು ಒಣ ಚರ್ಮವೆಂದು ಎಣ್ಣೆ ತಿಕ್ಕುವವರು ಬಹಳ. ಅಲ್ಲಿ ಜಿಡ್ಡಿನ ಗ್ರಂಥಿಗಳು ದಟ್ಟವಾಗಿರುತ್ತವೆ. ಒಣಗುವುದಾದರೆ ಕೆನ್ನೆ ಮೊದಲು ಒಣಗಬೇಕು. ಅದು ಸೆಬೊರಿಕ್ ಡರ್ಮಟೈಟಿಸ್ ಇರಬಹುದು, ಅಂದರೆ ತಲೆಹೊಟ್ಟಿನ ಸಂಬಂಧಿ. ಅದರೊಂದಿಗೆ ನಂಟಿರುವ ಮಲಸೀಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ಕೊಬ್ಬಿನಂಶವನ್ನೇ ಉಂಡು ಬದುಕುತ್ತದೆ. ಎಣ್ಣೆ ಹಚ್ಚಿದರೆ ಅದಕ್ಕೆ ಊಟ ಬಡಿಸಿದಂತಾಯಿತು. ಇದಕ್ಕೆ ಬೇಕಾದುದು ಕೀಟೊಕೊನಜೋಲ್‌ನಂಥ ಶಿಲೀಂಧ್ರನಾಶಕ ಮುಲಾಮು.

ಇನ್ನು ಮೊಡವೆ. ಕೂದಲ ರಂಧ್ರದ ಬಾಯಿಯಲ್ಲಿ ಸತ್ತ ಜೀವಕೋಶಗಳು ಉದುರದೆ ಅಂಟಿಕೊಳ್ಳುತ್ತವೆ, ಹಾರ್ಮೋನುಗಳ ಪ್ರಚೋದನೆಯಿಂದ ಜಿಡ್ಡು ಹೆಚ್ಚಾಗಿ ಒಳಗೆ ಕಟ್ಟಿಕೊಳ್ಳುತ್ತದೆ, ಕ್ಯೂಟಿಬ್ಯಾಕ್ಟೀರಿಯಂ ಆಕ್ನೀಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ವೃದ್ಧಿಯಾಗುತ್ತದೆ, ಉರಿಯೂತ ಏಳುತ್ತದೆ. ಇಷ್ಟರಲ್ಲಿ ಎಲ್ಲೂ ಕೊಳೆಯ ಪಾತ್ರವಿಲ್ಲ ಎಂಬುದನ್ನು ಗಮನಿಸಿ. ಬ್ಲ್ಯಾಕ್‌ಹೆಡ್‌ನ ಕಪ್ಪು ಕೂಡ ಕೊಳೆಯಲ್ಲ. ತೆರೆದ ಬಾಯಲ್ಲಿ ಗಾಳಿ ತಾಗಿದ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ನ ಬಣ್ಣ. ಮುಖ ತೊಳೆಯುವುದಿಲ್ಲವೇ ಎಂದು ಮೊಡವೆಯ ಮಕ್ಕಳನ್ನು ಗದರುವ ಹಿರಿಯರು ಇದನ್ನು ಕೇಳಿಸಿಕೊಳ್ಳಬೇಕು. ಹಬೆ ಹಿಡಿದರೆ ರಂಧ್ರ ತೆರೆಯುತ್ತದೆ, ತಣ್ಣೀರಿಗೆ ಮುಚ್ಚುತ್ತದೆ ಎನ್ನುವುದೂ ಅಂಥದೇ ನಂಬಿಕೆ. ತೆರೆದು ಮುಚ್ಚುವುದಕ್ಕೆ ಆ ರಂಧ್ರಗಳ ಬಾಯಿಯಲ್ಲಿ ಸ್ನಾಯುಗಳೇ ಇಲ್ಲ.

ಮೊಡವೆ ಎಲ್ಲಿ, ಹೇಗೆ ಬಂದಿದೆ ಎಂಬುದರಲ್ಲಿ ಕೆಲವು ಸುಳಿವುಗಳಿರುತ್ತವೆ. ಹಣೆಯಲ್ಲಿ, ಕೂದಲಿನ ಅಂಚಿನುದ್ದಕ್ಕೂ ಸಾಲಾಗಿದ್ದರೆ ತಲೆಗೆ ಹಚ್ಚುವ ಎಣ್ಣೆ, ಜೆಲ್‌ಗಳ ಮೇಲೆ ಅನುಮಾನಪಡಿ. ಹೆಲ್ಮೆಟ್ಟಿನ ಪಟ್ಟಿ ಉಜ್ಜುವಲ್ಲಿ ಬಂದಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಪ್ರಾಯದ ಹೆಣ್ಣುಮಕ್ಕಳಿಗೆ ದವಡೆಯ ಅಂಚಿನಲ್ಲಿ ನೋಯುವ ಗಂಟುಗಳಾಗಿ ಬಂದು, ಜೊತೆಗೆ ಮುಟ್ಟು ಏರುಪೇರಾಗಿ, ಗಲ್ಲದಲ್ಲಿ ಕೂದಲೂ ದಪ್ಪಗೆ ಬೆಳೆಯುತ್ತಿದ್ದರೆ ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ಏರುಪೇರು) ಇದೆಯೇ ಎಂದು ಪರೀಕ್ಷಿಸಬೇಕು. ಎಲ್ಲವೂ ಒಂದೇ ಗಾತ್ರದ, ತುರಿಸುವ ಸಣ್ಣ ಗುಳ್ಳೆಗಳಾಗಿದ್ದರೆ ಅದು ಮೊಡವೆಯೇ ಆಗಿರದೆ ಮಲಸೀಜಿಯಾದ ಕೆಲಸವಾಗಿರಬಹುದು. ಅದಕ್ಕೆ ಆ್ಯಂಟಿಬಯಾಟಿಕ್ ನುಂಗಿದರೆ ಹೆಚ್ಚಾಗುವುದೇ ಹೊರತು ಇಳಿಯುವುದಿಲ್ಲ.

ಸೌಮ್ಯ ಮೊಡವೆಗೆ ಒಳ್ಳೆಯ ಔಷಧಿಗಳಿವೆ. ಸ್ಯಾಲಿಸಿಲಿಕ್ ಆಮ್ಲ ಶೇ 2ರವರೆಗೆ ಇರುವ ಫೇಸ್‌ವಾಶ್ ಅಥವಾ ಜೆಲ್ ಬ್ಲ್ಯಾಕ್‌ಹೆಡ್‌ಗೆ ಒಗ್ಗುತ್ತದೆ; ಅದು ಜಿಡ್ಡಿನಲ್ಲಿ ಕರಗಿ ರಂಧ್ರದೊಳಗೆ ಇಳಿಯಬಲ್ಲುದು. ಕೆಂಪು ಮೊಡವೆಗೆ ಬೆಂಜೋಯಿಲ್ ಪೆರಾಕ್ಸೈಡ್. ಇದರಲ್ಲಿ ಶೇ 2.5ರದ್ದು ಶೇ 10ರದ್ದರಷ್ಟೇ ಗುಣ ಕೊಡುತ್ತದೆ, ಉರಿ ಮಾತ್ರ ಕಡಿಮೆ. ಹಾಗಿದ್ದೂ ಹೆಚ್ಚು ಸಂಖ್ಯೆಯ ಟ್ಯೂಬೇ ಬೇಕೆನ್ನುವ ಆಸೆ ಜನರಿಗೆ ಏಕೋ! (ದಿಂಬಿನ ಹೊದಿಕೆ, ಟವೆಲ್ಲುಗಳ ಬಣ್ಣವನ್ನು ಅದು ತೆಗೆದುಬಿಡುತ್ತದೆ, ಬಿಳಿಯವನ್ನೇ ಬಳಸಿ.) ರಂಧ್ರ ಕಟ್ಟಿಕೊಳ್ಳುವುದನ್ನೇ ತಡೆಯುವುದು ವಿಟಮಿನ್ ಎ ಬಳಗದ, ಅಡಾಪಲೀನ್‌ನಂಥ ರೆಟಿನಾಯ್ಡ್. ಬಟಾಣಿ ಕಾಳಿನಷ್ಟು ತೆಗೆದುಕೊಂಡು ರಾತ್ರಿ ಮೊಡವೆ ಬರುವ ಭಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು. ಎದ್ದಿರುವ ಮೊಡವೆಯ ತಲೆಗಷ್ಟೇ ಮುಟ್ಟಿಸುವುದಲ್ಲ. ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆಯೇಳುತ್ತದೆ, ಮೊಡವೆ ತುಸು ಹೆಚ್ಚಿದಂತೆಯೂ ಕಾಣಬಹುದು. ಅಲ್ಲೇ ಹೆಚ್ಚಿನವರು ಕೈಬಿಡುವುದು. ಗುಣ ಕಾಣುವುದಕ್ಕೆ 8ರಿಂದ 12 ವಾರ ಬೇಕು. ವಾರಕ್ಕೆ ಎರಡು ಮೂರು ರಾತ್ರಿಗಳಿಂದ ಆರಂಭಿಸಿದರೆ ಚರ್ಮ ಒಗ್ಗಿಕೊಳ್ಳುತ್ತದೆ. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ರೆಟಿನಾಯ್ಡ್ ಬಳಸಬಾರದು. ಗಂಟುಗಳಾಗಿ, ಕುಳಿ ಬೀಳುವಂತೆ ಬರುವ ಮೊಡವೆಗೆ ಮನೆಯಲ್ಲಿ ಪ್ರಯೋಗ ಬೇಡ; ಕುಳಿ ಬಿದ್ದ ಮೇಲೆ ಅದನ್ನು ತುಂಬುವ ಕ್ರೀಮ್ ಇಲ್ಲ.

ಮೊಡವೆ ಹೋದರೂ ಕಲೆ ಉಳಿಯುತ್ತದೆ. ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಉರಿಯೂತವಾದಲ್ಲೆಲ್ಲ ಮೆಲನಿನ್ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಚಿವುಟಿದರೆ ಇನ್ನೂ ಆಳಕ್ಕೆ ಇಳಿಯುತ್ತದೆ. ಈ ಕಲೆ ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ. ಕೆನ್ನೆಯ ಮೇಲೆ ಎರಡೂ ಕಡೆ ಒಂದೇ ಬಗೆಯಲ್ಲಿ ಹರಡುವ ಕಂದು ಛಾಯೆ, ಬಂಗು, ಬೇರೆಯದೇ ವಿಷಯ. ಬಿಸಿಲು, ಗರ್ಭಧಾರಣೆ, ಗರ್ಭನಿರೋಧಕ ಮಾತ್ರೆ, ವಂಶ ಎಲ್ಲವೂ ಅದಕ್ಕೆ ಕಾರಣವಾಗಬಹುದು. ಅದು ಇಳಿಯುತ್ತದೆ, ಬಿಸಿಲಿಗೆ ಮರಳುತ್ತದೆ. ಬುಡಸಮೇತ ತೆಗೆಯುತ್ತೇನೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಮೂರನೆಯದು, ಹಣೆಯ ಪಕ್ಕ ಅಥವಾ ಕತ್ತಿನಲ್ಲಿ ಮಖಮಲ್ಲಿನಂತೆ ದಪ್ಪಗಾಗುವ ಕಪ್ಪು. ಎಷ್ಟು ಉಜ್ಜಿದರೂ ಹೋಗದ ಇದು ಹಲವರಲ್ಲಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದರ ಗುರುತು. ಅಂಥವರಿಗೆ ಕ್ರೀಮಿಗಿಂತ ಮೊದಲು ಬೇಕಾದುದು ರಕ್ತದ ಸಕ್ಕರೆಯ ಪರೀಕ್ಷೆ.

ಕಲೆಯ ಅವಸರವೇ ಜನರನ್ನು ಬಿಳುಪಿನ ಕ್ರೀಮುಗಳತ್ತ ತಳ್ಳುತ್ತದೆ. ಸ್ಟೀರಾಯ್ಡ್ ಬೆರೆತ ಮುಲಾಮು ಮೊದಲ ವಾರಗಳಲ್ಲಿ ಅದ್ಭುತವಾಗಿ ಕಾಣುತ್ತದೆ: ಕೆಂಪು ಇಳಿಯುತ್ತದೆ, ಬಣ್ಣ ತಿಳಿಯಾಗುತ್ತದೆ. ತಿಂಗಳುಗಳಾದ ಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ತುಂಬುತ್ತದೆ, ಕೂದಲು ಬೆಳೆಯುತ್ತದೆ. ಬಿಟ್ಟರೆ ಮುಖ ಉರಿಯುತ್ತದೆ. ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳು ಟ್ಯೂಬಿನ ಮೇಲಿದ್ದರೆ ವೈದ್ಯರು ಬರೆದುಕೊಟ್ಟ ಹೊರತು ಮುಖಕ್ಕೆ ಮುಟ್ಟಿಸಬೇಡಿ. ಈಗಾಗಲೇ ಬಳಸುತ್ತಿದ್ದರೆ ವೈದ್ಯರ ನೆರವಿನಿಂದ ಬಿಡಿ. ಪಾದರಸವಿರುವ ಕ್ರೀಮುಗಳು ಇನ್ನೂ ಕೆಟ್ಟವು. ಅವು ಮೂತ್ರಪಿಂಡ, ನರಮಂಡಲ ಎರಡಕ್ಕೂ ಹಾನಿ ಮಾಡುತ್ತವೆ. 2013ರ ಮಿನಮಾಟಾ ಅಂತರರಾಷ್ಟ್ರೀಯ ಒಪ್ಪಂದ ಇಂಥ ಸೌಂದರ್ಯ ಸಾಧನಗಳಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ಹೆಚ್ಚು ಪಾದರಸ ಇರಕೂಡದೆಂದಿತ್ತು. 2023ರಲ್ಲಿ ಆ ಒಂದು ಪಾಲಿನ ವಿನಾಯಿತಿಯನ್ನೂ ತೆಗೆದುಹಾಕಲಾಯಿತು. ತಯಾರಕರ ವಿಳಾಸ, ಘಟಕಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಯಾರು ಎಷ್ಟೇ ಹೊಗಳಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ಹಾಗಾದರೆ ದಿನವೂ ಏನು ಮಾಡಬೇಕು? ಬಹಳ ಸ್ವಲ್ಪ. ರಾತ್ರಿ ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆಯಿರಿ. ಬೆಳಿಗ್ಗೆ ಒಣ ಚರ್ಮದವರಿಗೆ ಬರೀ ನೀರು ಸಾಕು. ಮುಖ ಇನ್ನೂ ತುಸು ತೇವವಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ಸೆರಮೈಡ್ ಗಾರೆಗೆ ಒದಗುತ್ತದೆ, ಪೆಟ್ರೋಲಿಯಂ ಜೆಲ್ಲಿ ನೀರು ಆರದಂತೆ ಮುಚ್ಚುತ್ತದೆ. ಜಿಡ್ಡಿನ ಮುಖದವರಿಗೆ ಜೆಲ್, ಒಣ ಮುಖದವರಿಗೆ ದಪ್ಪ ಕ್ರೀಮ್ ಹಿತ. ದುಬಾರಿ ಡಬ್ಬಿಯಲ್ಲಿ ಇದಕ್ಕಿಂತ ಹೆಚ್ಚಿನದೇನೋ ಇರುತ್ತದೆಂಬ ನಿರೀಕ್ಷೆ ಸಾಮಾನ್ಯವಾಗಿ ಸುಳ್ಳಾಗುತ್ತದೆ.

ಹಗಲಿಗೆ ಸನ್‌ಸ್ಕ್ರೀನ್. ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) 30 ಇರುವುದು ಬಿಸಿಲಿನಲ್ಲಿ ಚರ್ಮವನ್ನು ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು ಶೇ 97ನ್ನು ತಡೆದರೆ 50 ಇರುವುದು ಶೇ 98ನ್ನು ತಡೆಯುತ್ತದೆ. ಆದ್ದರಿಂದ ಸಂಖ್ಯೆಗಿಂತ ಪ್ರಮಾಣ ಮುಖ್ಯ. ಪ್ರಯೋಗಾಲಯದಲ್ಲಿ ಅಳೆಯುವಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ನಾವು ಅದರ ಅರ್ಧವನ್ನೂ ಹಚ್ಚುವುದಿಲ್ಲ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಮುಖ ಮತ್ತು ಕತ್ತಿಗೆ ಬೇಕು; ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಿಸಿಲಿನ ಇನ್ನೊಂದು ಬಗೆಯಾದ, ಚರ್ಮದ ಆಳಕ್ಕಿಳಿಯುವ ಯುವಿಎ ಕಿರಣ ಕಿಟಕಿಯ ಗಾಜಿನ ಮೂಲಕವೂ ಬರುತ್ತದೆ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುವುದರಿಂದ ಐರನ್ ಆಕ್ಸೈಡ್ ಸೇರಿದ ಬಣ್ಣದ ಸನ್‌ಸ್ಕ್ರೀನ್ ಮೇಲು.

ಉಳಿದವೆಲ್ಲ ಅಗತ್ಯ ಕಂಡಾಗ, ಒಂದು ಸಲಕ್ಕೆ ಒಂದೇ. ಎರಡನ್ನು ಒಟ್ಟಿಗೆ ಶುರುಮಾಡಿದರೆ ಉರಿ ಬಂದಾಗ ಯಾವುದರದ್ದೆಂದು ತಿಳಿಯುವುದಿಲ್ಲ. ಹೊಸದನ್ನು ಮೊದಲು ಮುಂಗೈ ಒಳಭಾಗದಲ್ಲಿ ಒಂದು ವಾರ ಹಚ್ಚಿ ನೋಡಿ. ಡಬ್ಬಿಯ ಮೇಲೆ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಶೇ 1ಕ್ಕಿಂತ ಕಡಿಮೆಯವು ಮಾತ್ರ ಹೇಗೆ ಬೇಕಾದರೂ ಬರಬಹುದು. ದೊಡ್ಡ ಅಕ್ಷರದಲ್ಲಿ ಮುಂದೆ ಮೆರೆಯುವ ಘಟಕ ಹಿಂದಿನ ಪಟ್ಟಿಯಲ್ಲಿ ಸುಗಂಧದ್ರವ್ಯಕ್ಕಿಂತ ಕೆಳಗಿದ್ದರೆ ಅದರ ಪ್ರಮಾಣ ಹೆಸರಿಗಷ್ಟೇ. ನೈಸರ್ಗಿಕವಾದದ್ದು ಏನೂ ಹಾನಿ ಮಾಡುವುದಿಲ್ಲ ಎಂಬ ಭರವಸೆಯೂ ಬೇಡ. ನಿಂಬೆರಸದ ಪಿಎಚ್ ಸುಮಾರು 2. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಗಾಯದಂತೆ ಬೊಬ್ಬೆಯೆದ್ದು ಕಪ್ಪು ಉಳಿಯಬಹುದು. ಟೂತ್‌ಪೇಸ್ಟ್ ಹಲ್ಲಿಗೇ ಇರಲಿ.

ಕೆಲವನ್ನು ಮಾತ್ರ ಮನೆಯಲ್ಲಿ ಇಟ್ಟುಕೊಂಡು ಕೂರಬಾರದು. ತಿಂಗಳಾದರೂ ಮಾಯದ ಹುಣ್ಣು, ಬಣ್ಣ ಅಥವಾ ಅಂಚು ಬದಲಾಗುತ್ತಿರುವ ಮಚ್ಚೆ, ಸ್ಪರ್ಶ ತಿಳಿಯದ ಬಿಳಿಚಿದ ಮಚ್ಚೆ, ಕೀಲುನೋವಿನೊಂದಿಗೆ ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಹರಡುವ ಕೆಂಪು, ಇವು ವೈದ್ಯರು ನೋಡಬೇಕಾದವು. ಬರುವ ದಿನ ಮೇಕಪ್ ಬೇಡ. ತೊಂದರೆ ಹೆಚ್ಚಾಗಿದ್ದಾಗ ಮೊಬೈಲಿನಲ್ಲಿ ತೆಗೆದ ಫೋಟೊ ಇದ್ದರೆ ತೋರಿಸಿ. ಹಚ್ಚುತ್ತಿರುವ ಟ್ಯೂಬು, ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ತನ್ನಿ. ಹೇಳಲು ಸಂಕೋಚವೆನಿಸುವ, ಹೆಸರಿಲ್ಲದ ಆ ಒಂದು ಡಬ್ಬಿಯನ್ನೂ ಮರೆಯದೆ ತನ್ನಿ. ನಮಸ್ಕಾರ.