ಪರೀಕ್ಷೆ ಅವರದು, ಕೈಬರಹ ನಿಮ್ಮದು
(ದಾವಣಗೆರೆಯ ಪಿಯು ವಿದ್ಯಾರ್ಥಿಗಳಿಗಾಗಿ ಉಪನ್ಯಾಸ)

ವಿದ್ಯಾರ್ಥಿ ಮಿತ್ರರೇ,

ನಮ್ಮದು ಕಾಲೇಜುಗಳ ಊರು. ಪರೀಕ್ಷೆ ಹತ್ತಿರ ಬಂತೆಂದರೆ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಓದಿನ ಚಿಂತೆಯ ಜೊತೆಗೆ ಇನ್ನೊಂದು ಚಿಂತೆ: ಸ್ಕ್ರೈಬ್ ಸಿಗುತ್ತಾರೋ ಇಲ್ಲವೋ. ಅವರು ಹೇಳಿದ್ದನ್ನು ಉತ್ತರಪತ್ರಿಕೆಯಲ್ಲಿ ಬರೆಯುವವರೇ ಸ್ಕ್ರೈಬ್. ಸ್ವಯಂಸೇವೆ ಎಂದ ಕೂಡಲೇ ರಕ್ತದಾನ, ಗಿಡ ನೆಡುವುದು, ಜಾತ್ರೆಯಲ್ಲಿ ಬಡಿಸುವುದು ನೆನಪಾಗುತ್ತವೆ. ಮುಚ್ಚಿದ ಕೋಣೆಯಲ್ಲಿ ನಡೆಯುವ ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದಕ್ಕೆ ನೀವೇ ಏಕೆ ಬೇಕು? ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್‌ನ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕು ಎಂದಿತ್ತು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ. ಹೀಗಾಗಿ ಪದವಿ ವಿದ್ಯಾರ್ಥಿಗಳು ಪಿಯು ಹುಡುಗ ಹುಡುಗಿಯರನ್ನೇ ಹುಡುಕುತ್ತಾರೆ. ನಿಯಮ ಬದಲಾಗುತ್ತಿರುತ್ತದೆ, ಒಂದೊಂದು ಪರೀಕ್ಷೆಗೂ ಅದರದೇ ನಿಯಮ ಇರಬಹುದು, ಪರೀಕ್ಷಾ ಕೇಂದ್ರದಲ್ಲಿ ಮೊದಲೇ ವಿಚಾರಿಸಿ. ಅಭ್ಯರ್ಥಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. ಅಂದರೆ 3 ಗಂಟೆಯ ಪತ್ರಿಕೆಗೆ ನೀವು 4 ಗಂಟೆ ಕೂರಬೇಕು. ಹಿಂದಿನ ವಾರ ಒಂದು ಗಂಟೆಯಾದರೂ ಅವರ ಜೊತೆ ಕುಳಿತು ಹೇಳಿಸಿಕೊಂಡು ಬರೆದು ನೋಡಿ. ಅವರ ಮಾತಿನ ವೇಗ, ನಿಮ್ಮ ಕೈಯ ವೇಗ ಎರಡೂ ಅಲ್ಲೇ ಗೊತ್ತಾಗುತ್ತವೆ.

ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಬರೆಯಲು ಹೊರಡಬೇಡಿ. ಮೊದಲಿಂದ ಕೊನೆಯವರೆಗೆ, ಅಂಕಗಳ ಸಮೇತ ಓದಿ ಹೇಳಿ. ಹೆಚ್ಚು ಎಡವಟ್ಟಾಗುವುದು ‘ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ’ ಎಂಬ ಸೂಚನೆಯನ್ನು ಓದದೆ ಬಿಟ್ಟಾಗ. ಇಲ್ಲವೇ ಪುಟದ ಹಿಂಬದಿಗೆ ಹೋದ ‘ಅಥವಾ’ ಪ್ರಶ್ನೆ ತಪ್ಪಿಹೋದಾಗ. ನೀವು ಓದದ ಪ್ರಶ್ನೆ ಅವರ ಪಾಲಿಗೆ ಪತ್ರಿಕೆಯಲ್ಲೇ ಇಲ್ಲ.

ಲೆಕ್ಕದ ವಿಷಯಕ್ಕೆ ಬನ್ನಿ. ಅವರು ‘ಎಕ್ಸ್ ಪ್ಲಸ್ ಒನ್ ಸ್ಕ್ವೇರ್’ ಎಂದರು. ವರ್ಗ ಬರೀ ಒಂದಕ್ಕೋ, ಪೂರ್ತಿ ಎಕ್ಸ್ ಪ್ಲಸ್ ಒನ್‌ಗೋ? ‘ಬ್ರಾಕೆಟ್ ಹಾಕಬೇಕಲ್ವಾ?’ ಎಂದು ಕೇಳಿದರೆ ಉತ್ತರ ಹೇಳಿಕೊಟ್ಟಂತೆ. ಬರೆದದ್ದನ್ನು ಇದ್ದ ಹಾಗೆ ಓದಿ: ‘ಎಕ್ಸ್ ಪ್ಲಸ್, ಒನ್ ಮೇಲೆ ಸ್ಕ್ವೇರ್.’ ತಪ್ಪಿದ್ದರೆ ಅವರೇ ತಿದ್ದಿಸುತ್ತಾರೆ.

ಇದಕ್ಕಿಂತ ಕಷ್ಟದ್ದು ಬಾಯಿ ಬಿಗಿಹಿಡಿಯುವುದು. ಚಿತ್ರದುರ್ಗ ಹೈದರಾಲಿಯ ವಶವಾದದ್ದು 1779ರಲ್ಲಿ ಎಂದು ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಅವರು ಅವಸರದಲ್ಲಿ 1799 ಎಂದರೆ ನೀವು 1799 ಎಂದೇ ಬರೆಯಬೇಕು. ಕೆಮ್ಮುವಂತಿಲ್ಲ, ಪೆನ್ನು ತಡೆದು ಸುಳಿವು ಕೊಡುವಂತಿಲ್ಲ. ತಪ್ಪು ಮಾಡುವ ಹಕ್ಕೂ ಅವರದೇ. ನಮಗೆ ಗೊತ್ತಿರುವುದನ್ನು ನಾಲ್ಕು ಗಂಟೆ ಬದಿಗಿಟ್ಟು ಇನ್ನೊಬ್ಬರ ಮಾತಿಗೆ ಕಿವಿಗೊಡುವುದು ಬೇರೆ ಯಾವ ತರಗತಿಯಲ್ಲೂ ಕಲಿಯಲು ಸಿಗುವುದಿಲ್ಲ. ಪುಣ್ಯದ ಲೆಕ್ಕ ಇಡುವವರು ಇಟ್ಟುಕೊಳ್ಳಲಿ, ಈ ಕೆಲಸದ ನಿಜವಾದ ಗಳಿಕೆ ಇದು.

ಇನ್ನೊಂದು ಗಳಿಕೆಯೂ ಉಂಟು. ಬರೆದದ್ದರ ಮೇಲೆ ಕಣ್ಣಾಡಿಸಲು ಆಗದವರು ಉತ್ತರವನ್ನು ತಲೆಯಲ್ಲೇ ಜೋಡಿಸಿಕೊಂಡು ಬಾಯಿ ತೆರೆಯಬೇಕಾಗುತ್ತದೆ. ಪೀಠಿಕೆ, ನಾಲ್ಕು ಅಂಶ, ಮುಕ್ತಾಯ. ಪಕ್ಕದಲ್ಲಿ ಕುಳಿತು ಅದನ್ನು ಬರೆದವರಿಗೆ ತಮ್ಮದೇ ಉತ್ತರಗಳು ಎಲ್ಲಿ ಚೆಲ್ಲಾಪಿಲ್ಲಿಯಾಗುತ್ತವೆ ಎಂಬುದು ಕಾಣತೊಡಗುತ್ತದೆ.

ಪರೀಕ್ಷೆ ಇಲ್ಲದ ತಿಂಗಳುಗಳಲ್ಲಿ ಪಾಠಗಳನ್ನು ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿಕೊಡಬಹುದು. ಫ್ಯಾನ್ ಆರಿಸಿ (ನಮ್ಮ ಬೇಸಿಗೆಯಲ್ಲಿ ಇದೇ ದೊಡ್ಡ ತ್ಯಾಗ!), ಒಂದೊಂದು ಫೈಲೂ 20 ನಿಮಿಷ ಮೀರದಿರಲಿ. ಪುಟ ಸಂಖ್ಯೆ ಹೇಳಿ. ಕೋಷ್ಟಕ ಓದುವಾಗ ಪ್ರತಿ ಸಾಲಿಗೂ ಅಂಕಣದ ಹೆಸರು ಮತ್ತೆ ಹೇಳಿ, ಇಲ್ಲದಿದ್ದರೆ ಕೇಳುವವರಿಗೆ ಬರೀ ಅಂಕಿಗಳ ಗದ್ದಲ.

ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಫಲಿತಾಂಶ ಬಂದ ದಿನ ‘ಎಷ್ಟು ಬಂತು?’ ಎಂದು ಫೋನೂ ಮಾಡಬೇಡಿ, ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ.

ಒಬ್ಬರೇ ಎಲ್ಲ ಪತ್ರಿಕೆಗಳನ್ನೂ ಒಪ್ಪಿಕೊಂಡರೆ ಮೂರನೆಯ ದಿನಕ್ಕೆ ಕೈ ಸೋಲುತ್ತದೆ, ಅಕ್ಷರ ಕೆಡುತ್ತದೆ. ಬೇರೆ ಬೇರೆ ವಿಷಯಕ್ಕೆ ಬೇರೆ ಬೇರೆ ಸ್ಕ್ರೈಬ್ ಇರಲು 2018ರ ಮಾರ್ಗಸೂಚಿಯಲ್ಲೇ ಅವಕಾಶವಿತ್ತು, ನಿಮ್ಮ ಪರೀಕ್ಷೆಗೆ ಉಂಟೇ ಎಂದು ಕೇಳಿಕೊಳ್ಳಿ. ಹಾಗಾಗಿ ಹೆಸರು ಕೊಡುವಾಗ ನಿಮ್ಮ ವೇಳಾಪಟ್ಟಿ ಎದುರಿಗಿಟ್ಟುಕೊಂಡು ದಿನಾಂಕಗಳನ್ನೂ ಬರೆದುಕೊಡಿ. ಬಿಡುವಿಲ್ಲದ ದಿನಕ್ಕೆ ‘ನೋಡೋಣ’ ಅನ್ನಬೇಡಿ, ‘ಆಗಲ್ಲ’ ಅಂದುಬಿಡಿ. ಅವರು ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತಾರೆ.