ಹಡಗು, ಹಿನ್ನೀರು ಮತ್ತು ನಮ್ಮ ಮನೆಯ ಬಾಗಿಲವಾಡ

ಗುರುಗಳಿಗೆ, ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

ಎಂ.ಎ. ಮೊದಲ ವರ್ಷದ ಪರೀಕ್ಷೆಯಲ್ಲಿ ಗ್ರೀಕ್ ಪುರಾಣದ ವೀರ ಥೀಸಿಯಸ್‌ನ ಹಡಗಿನ ಪ್ರಶ್ನೆ ಬಂದಿತ್ತು, ಹತ್ತು ಅಂಕಕ್ಕೆ. ಅಥೆನ್ಸಿನ ಜನ ತಮ್ಮ ವೀರನ ಹಡಗನ್ನು ಜತನ ಮಾಡಿದರು. ಹಲಗೆ ಕೊಳೆತಂತೆಲ್ಲ ಹೊಸ ಹಲಗೆ ಹೊಡೆಯುತ್ತ ಹೋದರು. ಇದು ಅದೇ ಹಡಗೋ ಬೇರೆಯದೋ ಎಂದು ದಾರ್ಶನಿಕರು ವಾದಕ್ಕೆ ಬಿದ್ದರು. ಪ್ರಾಚೀನ ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳಿದ್ದಿಷ್ಟು. ನಾನೂ ಇಷ್ಟೇ ಬರೆದು ಎಂಟು ಅಂಕ ಪಡೆದೆ. ಆ ಪ್ರಶ್ನೆ ನನ್ನದೇ ಊರಿನದು ಎಂದು ಆಗ ಹೊಳೆದಿರಲಿಲ್ಲ.

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಎದ್ದ ಮೇಲೆ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲೇರಿ ಬಂತು. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿದವು. ಜನರು ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದರು. ಓಣಿಯ ಹೆಸರಿದ್ದಲ್ಲಿ ಸೆಕ್ಟರಿನ ಸಂಖ್ಯೆ ಬಂತು. ನಾನು ಹುಟ್ಟಿದ್ದು ಆಮೇಲೆ.

ಮನೆ ಬಿಡುವಾಗ ನಮ್ಮ ಆಯಿ ಒಂದೇ ಹಟ ಹಿಡಿದಳಂತೆ: ತಲೆಬಾಗಿಲಿನ ಬಾಗಿಲವಾಡವನ್ನು ಬಿಟ್ಟು ಬರುವುದಿಲ್ಲ. ಸಾಗವಾನಿಯದು, ಮೇಲೆ ಕೊರೆದ ಕಮಲ, ಹೊಸ್ತಿಲಿನ ನಡುವೆ ಕಾಲು ತಾಗಿ ತಾಗಿ ಬಿದ್ದ ತಗ್ಗು. ಹೊಸ ಮನೆಯ ಗೋಡೆಯನ್ನು ಅದರ ಅಳತೆಗೇ ಕಟ್ಟಿಸಿದರು. ಇಂದಿಗೂ ಆಯಿ ಆ ತಗ್ಗಿಗೆ ಅರಿಶಿನ ಹಚ್ಚುತ್ತಾಳೆ.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ದಾರ್ಶನಿಕ ಹಾಬ್ಸ್ ಈ ಹಡಗಿನ ಪ್ರಶ್ನೆಗೆ ಒಂದು ಗಂಟು ಹಾಕಿದ. ತೆಗೆದ ಹಳೆಯ ಹಲಗೆಗಳನ್ನೆಲ್ಲ ಕೂಡಿಟ್ಟು ಒಬ್ಬ ಇನ್ನೊಂದು ಹಡಗು ಕಟ್ಟಿದರೆ ಯಾವುದು ನಿಜವಾದದ್ದು? ತರಗತಿಯಲ್ಲಿ ಇದು ಜಾಣರ ಆಟದಂತೆ ಕಂಡಿತ್ತು. ಆದರೆ ನವನಗರದಲ್ಲಿ ತೊಲೆ, ಕಂಬ, ಬಾಗಿಲುಗಳನ್ನು ಹೇರಿಕೊಂಡು ಬಂದ ಮನೆಗಳು ಒಂದೆರಡಲ್ಲ. ಮುಳುಗದೆ ಉಳಿದ ಹಳೆಯ ಊರಿನ ಭಾಗವೂ ಬಾಗಲಕೋಟೆಯೇ, ಇದೂ ಬಾಗಲಕೋಟೆಯೇ.

ನೆನಪೇ ವ್ಯಕ್ತಿಯನ್ನು ಒಂದಾಗಿ ಹಿಡಿದಿಡುತ್ತದೆ ಎಂಬುದು ಇಂಗ್ಲೆಂಡಿನ ಇನ್ನೊಬ್ಬ ದಾರ್ಶನಿಕ ಲಾಕ್‌ನ ಮಾತು. ಅದನ್ನು ಊರಿಗೆ ಅನ್ವಯಿಸಿದರೆ ಆಯಿಗೆ ಸರಿಹೋಗುತ್ತದೆ, ನನಗೆ ಹೋಗುವುದಿಲ್ಲ. ಮುಳುಗಿದ ಓಣಿಯ ಒಂದು ಕಲ್ಲೂ ನನ್ನ ನೆನಪಿನಲ್ಲಿಲ್ಲ. ಆದರೂ ಹೋಳಿಯಲ್ಲಿ ಹಲಗೆ ವಾದ್ಯದ ಸದ್ದು ಕೇಳಿದರೆ ಮನೆಯಲ್ಲಿ ಕೂರಲಾರೆ. ಆ ಪೆಟ್ಟನ್ನು ನನಗೆ ಕಲಿಸಿದವರು ಹಳೆಯ ಓಣಿಯಲ್ಲಿ ಬಾರಿಸಿದವರು. ನನಗೆ ಹೆಚ್ಚು ಹತ್ತಿರವಾದವನು ಬೌದ್ಧ ಭಿಕ್ಷು ನಾಗಸೇನ. ರಾತ್ರಿಯಿಡೀ ಉರಿದ ದೀಪದ ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ್ದೂ ಒಂದೇ ಅಲ್ಲ, ಬೇರೆಯೂ ಅಲ್ಲ ಎಂದು ಆ ಭಿಕ್ಷು ಮಿಲಿಂದ ರಾಜನಿಗೆ ಹೇಳುತ್ತಾನೆ. ಇದು ನುಣುಚಿಕೊಳ್ಳುವ ಉತ್ತರವೆಂದು ಕೆಲವು ಗೆಳೆಯರ ತಕರಾರು. ನನಗೆ ಹಾಗೆ ಅನಿಸುವುದಿಲ್ಲ. ಜ್ವಾಲೆಯಿಂದ ಜ್ವಾಲೆ ಹತ್ತುತ್ತದೆ, ಕೈಯಿಂದ ಕೈಗೆ ಹಲಗೆಯ ಪೆಟ್ಟು ಬರುತ್ತದೆ.

ಆದರೂ ಈ ಉತ್ತರ ಆಯಿಯ ದುಃಖವನ್ನು ಮುಟ್ಟುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಒಂದು ಬೇಸಿಗೆ ಹಿನ್ನೀರು ಇಳಿದಾಗ ಅವಳನ್ನು ಕರೆದುಕೊಂಡು ಹೋಗಿದ್ದೆ. ಒಣಗಿ ಬಿರಿದ ಕೆಸರು, ನಡುನಡುವೆ ಪಾಯದ ಕಲ್ಲುಗಳ ಸಾಲು. ನನಗೆ ಎಲ್ಲವೂ ಒಂದೇ ಥರ ಕಂಡವು. ಆಯಿ ಯಾರನ್ನೂ ಕೇಳದೆ ನೇರವಾಗಿ ನಡೆದು, ಎರಡು ಕಲ್ಲುಗಳ ನಡುವಿನ ಮೂರಡಿ ಬಯಲಿನ ಮುಂದೆ ನಿಂತಳು. ಚಪ್ಪಲಿಗಳನ್ನು ಹೊರಗೆ ಬಿಟ್ಟಳು. ಬಲಗಾಲಿಟ್ಟು ದಾಟಿ, ಹಿಂತಿರುಗಿ, "ಒಳಗೆ ಬಾ" ಎಂದಳು.